ಮಡಚದ ಕಾಲು

ನಿಜಾಮರ ಕಾಲದಲ್ಲಿ ನನ್ನಪ್ಪ ಕಮಲಾಪುರದಿಂದ ಕಲಬುರಗಿಗೆ ಟಪಾಲಿನ ಚೀಲ ಹೊತ್ತು ಓಡುತ್ತಿದ್ದ. ಒಮ್ಮೆ ಹಳ್ಳ ದಾಟುವಾಗ ಬಿದ್ದು ಬಲಮೊಣಕಾಲು ಮುರಿಯಿತು. ಮೂಳೆ ಕೂಡಿತು, ಕಾಲು ಮಾತ್ರ ಮಡಚಲಿಲ್ಲ. ನಡೆಯಬಹುದಿತ್ತು, ಓಡುವ ಮಾತು ದೂರ. ಅಂದಿನಿಂದ ಅವನು ನಮಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದ. ಯಾರ ಮೇಲೋ ಸಿಟ್ಟಿರಬೇಕೆಂದು ನಾನು ಅಂದುಕೊಂಡಿದ್ದೆ.

ಪಿಂಚಣಿಗೆ ಅರ್ಜಿ ಹಾಕಿದ್ದಾಯಿತು. ತನಿಖೆಗೆ ಒಬ್ಬ ಸಾಹೇಬರು ಮನೆಗೆ ಬಂದರು. ಅವರು ಇರುವಷ್ಟು ಹೊತ್ತೂ ಅಪ್ಪ ನಿಂತೇ ಇದ್ದ. ಇನ್ನು ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಹಿತ್ತಿಲಿನ ಕೆಂಪು ಬಾಳೆಯ ಗೊನೆ ಕಡಿದು, ಹೆಗಲ ಮೇಲೆ ಹೊತ್ತು, ಅವರ ಟಾಂಗಾದಲ್ಲಿ ಇಟ್ಟು ಬಂದ. ಸಾಹೇಬರು ಗೊನೆಯನ್ನೂ ಒಯ್ದರು, ಗೊನೆ ಹೊರುವಷ್ಟು ಗಟ್ಟಿ ಆಳು ಎಂದು ವರದಿಯನ್ನೂ ಬರೆದರು. ಅರ್ಜಿ ವಜಾ ಆಯಿತು. ಓಡಲು ಹಾಜರಾಗು, ಇಲ್ಲವೇ ನೌಕರಿ ಬಿಡು ಎಂದು ಹುಕುಂ ಬಂತು.

ನಾನಾಗ ಕಲಬುರಗಿಯಲ್ಲಿ ಮಾಸ್ತರ. ಉರ್ದು ಬರುತ್ತದೆಂಬ ಜಂಬ ಬೇರೆ. ಅಪೀಲನ್ನು ನಾನೇ ಬರೆದೆ. ಅದರಲ್ಲಿ ಅಪ್ಪನ ಮೊಣಕಾಲಿಗಿಂತ ನನ್ನ ಉರ್ದುವಿನ ಬೆಡಗೇ ಹೆಚ್ಚಿತ್ತು. ಅದಾಲತ್ತಿನ ಮೆಟ್ಟಿಲ ಹತ್ತಿರ ಅವನ ಕಿವಿಯಲ್ಲಿ ಹೇಳಿದೆ: "ಅಪ್ಪಾ, ಒಳಗ ಸ್ವಲ್ಪ ಕುಂಟು."

"ಹುಜೂರರ ಮುಂದ ನಾಟಕ ಮಾಡ್ಲೇನು? ಹೋಗೋ!" ಎಂದು ರುಮಾಲು ಸರಿಮಾಡಿಕೊಂಡು ಸಿಪಾಯಿಗಿಂತ ನೆಟ್ಟಗೆ ನಡೆದ.

ನ್ಯಾಯಾಧೀಶರು ಮೊದಲು ಗೊನೆಯ ವಿಷಯವನ್ನೇ ಕೇಳಿದರು. "ಹೌದ್ರೀ ಹುಜೂರ್, ನಾನೇ ಹೊತ್ತೀನ್ರೀ. ಮನಿಗಿ ಬಂದೋರಲ್ರೀ?" ಎಂದುಬಿಟ್ಟ. ಕೇಸು ಮುಗಿಯಿತೆಂದು ನಾನು ಕಾಗದಗಳನ್ನು ಚೀಲಕ್ಕೆ ಸೇರಿಸಿದೆ.

ಅವನ ವಯಸ್ಸು ನೋಡಿ ನ್ಯಾಯಾಧೀಶರು ಕುರ್ಚಿ ತೋರಿಸಿ "ಬೈಠೋ" ಎಂದರು. ಹುಜೂರರೆದುರು ಕುರ್ಚಿಯೆ? ಅಪ್ಪ ಗೋಡೆ ಹಿಡಿದು ನೆಲಕ್ಕೇ ಕುಸಿದು ಕೂತ. ಬಲಗಾಲು ಒನಕೆಯ ಹಾಗೆ ನೇರ ನ್ಯಾಯಾಧೀಶರ ಕಡೆಗೇ ಚಾಚಿಕೊಂಡಿತು. ಎರಡೂ ಕೈಯಿಂದ ಎಳೆದ, ಮಡಚಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಪಾದ ಮುಚ್ಚಿದ. ಅವನ ಕಣ್ಣಲ್ಲಿ ನೀರು.

"ಮಾಫ್ ಮಾಡ್ರೀ ಹುಜೂರ್. ದೊಡ್ಡೋರ ಮುಂದ ಕಾಲು ಚಾಚೋ ಮನಷ್ಯಾ ಅಲ್ರೀ ನಾ. ಮನ್ಯಾಗೂ ಗ್ವಾಡಿ ಕಡಿ ಮಾರಿ ಮಾಡೇ ಉಣ್ತೀನ್ರೀ."

ಸಿಟ್ಟಲ್ಲ, ಸಂಕೋಚ ಎಂದು ನನಗೆ ಗೊತ್ತಾದದ್ದು ಆಗಲೇ. ನಾಚಿಕೆಯಿಂದ ತಲೆ ತಗ್ಗಿಸಿದೆ.

ಈ ಕಾಲು ನಿಮಗೆ ಕಾಣಲಿಲ್ಲವೆ ಎಂದು ನ್ಯಾಯಾಧೀಶರು ಅಲ್ಲೇ ಹಾಜರಿದ್ದ, ವರದಿ ಬರೆದ ಸಾಹೇಬರನ್ನು ಕೇಳಿದರು. ನಮ್ಮೆದುರು ಈತ ಕೂರಲೇ ಇಲ್ಲ ಎಂದರು ಅವರು. ಹಾಗಾದರೆ ಬಾಳೆಹಣ್ಣು ಹೇಗಿದ್ದವು ಎಂದು ನ್ಯಾಯಾಧೀಶರು ಕೇಳಿದಾಗ ಅದಾಲತ್ತೇ ನಕ್ಕಿತು. ಪಿಂಚಣಿ ಮಂಜೂರಾಯಿತು.

ಅಪ್ಪನಿಗೆ ಮಾತ್ರ ದಾರಿಯುದ್ದಕ್ಕೂ ಕಾಲು ಚಾಚಿದ್ದರದೇ ಚಿಂತೆ. ಮನೆಗೆ ಬಂದು ಊಟಕ್ಕೆಂದು ಮತ್ತೆ ಗೋಡೆಯ ಕಡೆಗೇ ಹೊರಟ. ನಡೆದದ್ದನ್ನು ನನ್ನಿಂದ ಕೇಳಿದ್ದ ಅವ್ವ ಅವನ ತಾಟು ತಂದು ನನ್ನೆದುರಿಗೆ ಇಟ್ಟಳು.

"ಹುಜೂರರ ಮುಂದೇ ಚಾಚಿ ಬಂದೀರಿ, ನಾವೇನು ಅವರಕಿಂತ ದೊಡ್ಡೋರೇನ್ರೀ? ಇಲ್ಲೇ ಕೂಡ್ರಿ."

ಅಪ್ಪ ನಕ್ಕ. ಕಾಲನ್ನು ನನ್ನ ತಾಟಿನ ಪಕ್ಕಕ್ಕೇ ಚಾಚಿ ಕೂತ. ಎಷ್ಟೋ ದಿನಗಳ ಮೇಲೆ ನಾನು ಅವನ ಮುಖ ನೋಡುತ್ತ ಉಂಡೆ.