ಪಾರ್ಲಿಮೆಂಟಿಗೂ ತೆರೆಯದ ಭಾಲ್ಕಿಯ ಕೊಂಡವಾಡ

ಮಾಗಿಯ ಚಳಿ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಂಬಳಿ ಹೊದ್ದ ಧೊಂಡಿಬಾ ಭಾಲ್ಕಿಯ ಕೊಂಡವಾಡದಲ್ಲಿ ಕೈದಿಗಳ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ. ಎಮ್ಮೆ ಮೂರು, ಕತ್ತೆ ಎರಡು, ಆಡು ಏಳು. ಎಲ್ಲವೂ ಪರರ ಬೆಳೆಯಲ್ಲಿ ಬಾಯಿಟ್ಟು ಸಿಕ್ಕಿಬಿದ್ದವು. ಮೂಲೆಯ ಬಿಳಿ ಹೋರಿ ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ. ಅದು ದೂರದ ಜಿಲ್ಲೆಯ ಲೋಕಸಭಾ ಸದಸ್ಯರೊಬ್ಬರ ಹೋರಿ. ಇಲ್ಲಿರುವ ಅವರ ಭಾವಮೈದುನ ನರಸಿಂಗರಾಯರ ಮನೆಯಲ್ಲಿ ಬೆಳೆಯುತ್ತಿದೆ. ನಿನ್ನೆ ಊರಂಚಿನ ಸುಭದ್ರಾಬಾಯಿಯ ಜೋಳವನ್ನು ಸರ್ವಾನುಮತದಿಂದ ಮೇಯ್ದಿದೆ.

ಮೆಹಕರದ ಕುರಿಗಾರರ ಮನೆಯ ಧೊಂಡಿಬಾ ಇಪ್ಪತ್ತು ವರ್ಷಗಳಿಂದ ಇದೇ ಬಾಗಿಲು ಕಾಯುತ್ತಿದ್ದಾರೆ. "ಹಿಂದ ಜಾಗೀರದಾರರ ಚೀಟಿ ಬಂದ್ರ ಸಾಕಿತ್ರಿ, ಆನಿ ಇದ್ರೂ ಬಿಡಬೇಕು," ಎನ್ನುತ್ತಾರೆ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಐದು ವರ್ಷ; ಭಾಲ್ಕಿ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದೆ. ಚೀಟಿ ನಿಂತಿತು, ಆದರೆ ಇವರ ನೌಕರಿ ಹಂಗಾಮಿಯಾಯಿತು. ಕಾಯಂ ಆಗದಿದ್ದರೆ ಬರುವ ವರ್ಷ ಈ ಜಾಗಕ್ಕೆ ಇನ್ನೊಬ್ಬ.

ಓದು ಬಾರದ ಇವರಿಗೆ ಸಂವಿಧಾನ ಕಲಿಸಿದವರು ವಕೀಲ ಜಹೀರೋದ್ದೀನ. ವಕೀಲರ ಆಡು ವಾರಕ್ಕೊಮ್ಮೆ ಇಲ್ಲಿಗೆ ಬರುತ್ತದೆ. ಬಿಡಿಸಿಕೊಳ್ಳಲು ಬಂದವರು ಒಂದೊಂದು ಪಾಠ ಹೇಳಿ ಹೋಗುತ್ತಾರೆ. "ಕಾನೂನ ಮಾಡಲಿಕ್ಕ ದಿಲ್ಲಿಗಿ ತೊಂಬತ್ತೇಳು ಬಾಬತ್ತು, ಹೈದರಾಬಾದಿಗಿ ಅರವತ್ತಾರು, ಇಬ್ಬರಿಗೂ ಕೂಡಿ ನಲವತ್ತೇಳು," ಧೊಂಡಿಬಾ ಮಗ್ಗಿಯಂತೆ ಒಪ್ಪಿಸುತ್ತಾರೆ.

ಅಷ್ಟರಲ್ಲಿ ಅಮೀರ ಪಾಶಾನ ಟಾಂಗಾದಿಂದ ನರಸಿಂಗರಾಯರು ಇಳಿಯುತ್ತಾರೆ. ಭಾಷಣಕ್ಕೆ ನಿಂತವರಂತೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಏ ಧೊಂಡಿಬಾ, ದಿಲ್ಲ್ಯಾಗ ಅಧಿವೇಶನ ನಡದದ. ದಿವಾಣಿ ಕೇಸಿನ್ಯಾಗ ಈಗ ಮೆಂಬರಗೇ ಹಿಡಿಯಾಂಗಿಲ್ಲ. ಅವರ ಹೋರಿಗಿ ಹಿಡೀತಿ?"

"ಹೋರಿ ಪ್ರಮಾಣವಚನ ತಗೊಂಡದೇನ್ರಿ, ರಾವಸಾಬ?"

ಟಾಂಗಾದ ಮೇಲೆ ಅಮೀರ ಪಾಶಾ ಕೆಮ್ಮಿನ ನೆಪದಲ್ಲಿ ನಗುತ್ತಾನೆ.

"ಪಾರ್ಲಿಮೆಂಟ ಅಂದ್ರ ಏನ್ ತಿಳದಿ? ಇಡೀ ದೇಶಕ್ಕ ಕಾನೂನ ಮಾಡ್ತದ."

"ಮಾಡ್ಲಿರಿ. ಲಡಾಯಿ ಅವರ ಕೈಯಾಗ, ರೈಲು ಅವರ ಕೈಯಾಗ, ಪೋಸ್ಟು ಅವರ ಕೈಯಾಗ. ಕೊಂಡವಾಡ ಹೈದರಾಬಾದಿನ ಯಾದ್ಯಾಗ ಅದರಿ, ಹದಿನಾರನೇ ನಂಬರ. ನಾ ಬರದಿದ್ದಲ್ರಿ, ದಿಲ್ಲಿಯಾಗೇ ಕುಂತು ಬರದಾರ."

ಸದನಕ್ಕೂ ದನಕ್ಕೂ ಇರುವುದು ಒಂದೇ ಅಕ್ಷರದ ಅಂತರ. ನರಸಿಂಗರಾಯರಿಗೆ ಅದೂ ದುಬಾರಿಯಾಗುತ್ತಿದೆ.

"ನನ್ನ ಜ್ವಾಳ ತಿನ್ನೂವಾಗ ಅದು ಯಾವ ಯಾದಿ ನೋಡಿತ್ರಿ?" ಪರಿಹಾರಕ್ಕೆಂದು ನಸುಕಿನಲ್ಲೇ ಬಂದು ಗೋಡೆಗೊರಗಿದ್ದ ಸುಭದ್ರಾಬಾಯಿ ಕೇಳುತ್ತಾಳೆ. ಹೋರಿ ಹಾಗೇ ಹೊರಬಿದ್ದರೆ ಅವಳ ಬೆಳೆಗೆ ಪರಿಹಾರವಿಲ್ಲ.

ರಾಯರ ದನಿಗೆ ಈಗ ಬೆಣ್ಣೆ ಹತ್ತುತ್ತದೆ. "ನೀ ಇನ್ನಾ ಕಾಯಂ ಆಗಿಲ್ಲಲಾ? ಭಾವಗ ಒಂದ ಮಾತ ಹೇಳ್ತೇನಿ. ಬಾಗಲಾ ತೆಗಿ."

ಧೊಂಡಿಬಾ ಬಾಗಿಲಿನತ್ತ ಸರಿಯುತ್ತಾರೆ. ಕೈ ಅಗಳಿಯ ಮೇಲಿದೆ. ಸುಭದ್ರಾಬಾಯಿ ಆ ಕೈಯನ್ನೇ ನೋಡುತ್ತಾಳೆ. ಕೊನೆಗೆ ಅವರು ಕೈಯನ್ನು ಕಂಬಳಿಯೊಳಗೆ ಎಳೆದುಕೊಳ್ಳುತ್ತಾರೆ.

"ನನ್ನ ನೌಕರೀನೂ ಹೈದರಾಬಾದಿನ ಯಾದ್ಯಾಗೇ ಅದರಿ. ಭಾವನವ್ರು ಏನ್ ಮಾಡ್ತಾರ, ಪಾಪ."

ರಾಯರು ದಂಡ ಕಟ್ಟುತ್ತಾರೆ, ಬೆಳೆಯ ಹಾನಿಯನ್ನೂ ಒಪ್ಪಿ ರುಜು ಹಾಕುತ್ತಾರೆ. ಹಗ್ಗ ಹಿಡಿದು ತಿರುಗಿ, "ನಿನ್ನ ಮ್ಯಾಲ ತಹಸೀಲಿಗಿ ಅರ್ಜಿ ಕೊಡ್ತೇನಿ," ಎನ್ನುತ್ತಾರೆ.

"ಕೊಡ್ರಿ ಸಾಹೇಬ. ನನ್ನ ಹೆಸರ, ನಮ್ಮಪ್ಪನ ಹೆಸರ ಸರೀ ಬರೀರಿ, ಧೊಂಡಿಬಾ ವಲ್ದ ಬಕ್ಕಪ್ಪ. ನನಗ ಕಾಯಂ ಮಾಡೂ ಕಾಗದ ಅಲ್ಲೇ ಎಲ್ಲೋ ಬಿದ್ದದಂತ. ನಿಮ್ಮ ಅರ್ಜಿ ನೆವದಾಗರೆ ಯಾರರ ನನ್ನ ಫೈಲು ತೆಗೀಲಿ."