ಕುರಿಮರಿ ಮೆದ್ದ ಅಪ್ಪಣೆ

ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದಕ್ಕೇ ಸಂಬಳ ಪಡೆಯುವವನ ಪಾಡು ಏನೆಂದು ನನ್ನನ್ನು ಕೇಳಿ. ಎಪ್ಪತ್ತರ ದಶಕದ ಕೊನೆಗೆ ನಾನು ಶಿಕಾರಿಪುರದ ಇಬ್ರಾಹಿಂ ಸಾಬರ ವರ್ಕ್‌ಶಾಪಿನಲ್ಲಿ ಪ್ರೋಗ್ರಾಮ್ ನೋಡಿಕೊಳ್ಳುವವನಾಗಿದ್ದೆ. ಲೇತಿನ ಮುಂದೆಯೇ ಗಡ್ಡ ನರೆತ ಸಾಬರು, ತಾನಾಗಿಯೇ ಉಕ್ಕು ಕೊರೆಯುವ ಹಳೆಯ ಯಂತ್ರವೊಂದನ್ನು ಹರಾಜಿನಲ್ಲಿ ತಂದಿದ್ದರು. ಅದಕ್ಕೆ ಅಪ್ಪಣೆ ಕೊಡುವ ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ಅದು ತನ್ನ ಮಾತನ್ನು ಕಾಗದದ ಪಟ್ಟಿಯಲ್ಲಿ ತೂತು ತೂತಾಗಿ ಹೊಡೆಯುತ್ತಿತ್ತು. ಪಟ್ಟಿ ಬಸ್ಸು ಹತ್ತಿ ಬರುತ್ತಿತ್ತು.

ಎಲ್ಲರ ಮನೆ ದೋಸೆಯೂ ತೂತೇ, ನಿಜ. ಆದರೆ ತೂತು ನೋಡಿ ಕೆಲಸ ಮಾಡಿದವರನ್ನು ನಾನು ಕಂಡಿರಲಿಲ್ಲ. ಮಾತು ಇರುವುದು ಕಾಗದದಲ್ಲೋ, ಕಾಗದ ಇಲ್ಲದ ಜಾಗದಲ್ಲೋ? ಬಳ್ಳಿಗಾವಿಯ ಶಾಸನಗಳಲ್ಲೂ ಕಲ್ಲು ಹೋದ ಕಡೆಯೇ ಅಕ್ಷರವಿದೆ ಎಂದು ಸಮಾಧಾನ ಮಾಡಿಕೊಂಡೆ. ಶಾಸನ ಓದಲೂ ನನಗೆ ಬರುತ್ತಿರಲಿಲ್ಲ, ಅದು ಬೇರೆ ಮಾತು. ತರಬೇತಿಯಲ್ಲಿ ಇದನ್ನೆಲ್ಲ ಕಲಿಸಿದ್ದರು; ನಾನು ತಲೆಯಾಡಿಸಿ ಬಂದಿದ್ದೆ.

ಮೊದಲ ಎರಡು ಪಟ್ಟಿಗಳಿಗೆ ಯಂತ್ರ ಅರ್ಧಕ್ಕೇ ನಿಂತಿತು. ಯಾಕೆಂದು ಸಾಬರು ಕೇಳಿದಾಗ ಗಂಭೀರವಾಗಿ "ತೇವಾಂಶ" ಎಂದೆ. ಮೂರನೆಯದಕ್ಕೂ ಓಡದಿದ್ದರೆ ಯಂತ್ರ ಗುಜರಿಗೆ, ನಾನು ಸೊರಬದ ಮನೆಗೆ ಎಂದು ತೀರ್ಮಾನವಾಯಿತು.

ಆ ಮೂರನೆಯ ಪಟ್ಟಿಯನ್ನು, ನಾನು ರಜೆಗೆ ಮನೆಗೆ ಹೋಗಿದ್ದಾಗ, ಪರಿಚಯದವರೊಬ್ಬರು ಸೊರಬಕ್ಕೇ ತಂದುಕೊಟ್ಟರು. ಮರುದಿನ ಬೆಳಗಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಶಿಕಾರಿಪುರಕ್ಕೆ ಹೊರಟೆ. ಪಕ್ಕದಲ್ಲಿ ಉಡುತಡಿಯ ರೈತನೊಬ್ಬ, ಅವನ ಕಂಕುಳಲ್ಲಿ ಕುರಿಮರಿ. ನನಗೆ ಒಂದು ಜೊಂಪು ಹತ್ತಿತು. ಎಚ್ಚರವಾದಾಗ ಕಂಪ್ಯೂಟರಿನ ಅಪ್ಪಣೆಯ ಗೇಣುದ್ದದ ತುಂಡೊಂದು ಹರಿದು ಮರಿಯ ಬಾಯಲ್ಲಿತ್ತು.

"ಬೈಬ್ಯಾಡ್ರೀ, ಹಸ್ದೈತಿ," ಎಂದು ರೈತ ಅದನ್ನು ನಯವಾಗಿ ಎಳೆದುಕೊಟ್ಟ. ತುಂಡು ಮುದ್ದೆಯಾಗಿತ್ತು, ಆದರೆ ಪೂರ್ತಿ ಇತ್ತು. ಅಂತೂ ತೇವಾಂಶ ಈಗ ನಿಜವಾಗಿತ್ತು.

ಸಾಬರು ಬೈಯಲಿಲ್ಲ. ಮುದ್ದೆ ಬಿಡಿಸಿ ಬಿಸಿಲಿಗೆ ಒಣಗಿಸಿದರು. ಖಾಲಿ ಪಟ್ಟಿಯ ಮೇಲೆ ಅದನ್ನಿಟ್ಟು, ಯಂತ್ರದ ಜೊತೆ ಬಂದಿದ್ದ ಕೈಪಂಚಿನಿಂದ ತೂತಿಗೆ ತೂತು ಹೊಡೆದು ಉಳಿದ ಪಟ್ಟಿಗೆ ಅಂಟಿಸಿದರು. ಅಷ್ಟು ಹೊತ್ತೂ ನಾನು ಓದಬಲ್ಲವನ ಹಾಗೆ ಹುಬ್ಬು ಗಂಟಿಕ್ಕಿ ನಿಂತಿದ್ದೆ. ಸ್ವಿಚ್ ಹಾಕಿದೆವು. ಯಂತ್ರ ಗುರುಗುಟ್ಟಿತು, ಕೊರೆಯಿತು, ಅರ್ಧವನ್ನು ದಾಟಿ ಕೊನೆಯವರೆಗೂ ಓಡಿತು! ಅಕ್ಕಿಗಿರಣಿಯೊಂದಕ್ಕೆಂದು ಅದು ಕೊರೆದ ಹಲ್ಲುಚಕ್ರ ಬೆಚ್ಚಗೆ ನನ್ನ ಕೈಯಲ್ಲಿತ್ತು. ಹಿಂದಿನೆರಡು ಯಾಕೆ ನಿಂತವು, ಇದು ಯಾಕೆ ಓಡಿತು, ಇಂದಿಗೂ ನನಗೆ ತಿಳಿದಿಲ್ಲ.

ಆ ಸಂತೋಷದಲ್ಲಿ ನಿಜ ಬಾಯಿಗೆ ಬಂದುಬಿಟ್ಟಿತು. "ಸಾಬ್ರೇ, ಈ ತೂತು ಓದಕ್ಕೆ ನನಗೆ ಬರಲ್ಲ."

"ಮೊದ್ಲ ದಿನಾನೇ ಗೊತ್ತಾತ್ರೀ. ಸ್ವಿಚ್ ಹಾಕೋವಾಗ ನೀವು ಮೂರು ಹೆಜ್ಜಿ ಹಿಂದ ಸರಿದ್ರಲ್ಲ."

"ಮತ್ತೆ ಯಾಕೆ ಇಟ್ಕೊಂಡ್ರಿ?"

ಸಾಬರು ಎರಡು ಬೆರಳು ಲೇತಿನ ಪಾಲಾಗಿದ್ದ ತಮ್ಮ ಎಡಗೈಯನ್ನು ಎತ್ತಿ ತೋರಿಸಿ ನಕ್ಕರು.

"ಲೇತಿನ ಮುಂದ ನಾ ಹಿಂದ ಸರೀಲಿಲ್ಲ. ನನಗ ಎಲ್ಲಾ ಗೊತ್ತಿತ್ತು ನೋಡ್ರೀ."