ದೊಡ್ಡವ್ವನ ಬಲಗಣ್ಣು, ಚಂದ್ರಂಪಳ್ಳಿ ಗುಡ್ಡ

“ಆಪರೇಷನ್ ಫೇಲ್ ಆಗ್ಯಾದ. ಎಡಗಣ್ಣು ಯಾರಿಗೂ ಮುಟ್ಟಾಕ ಬಿಡಲ್ಲ ನಾ.”

ನಮ್ಮ ದೊಡ್ಡವ್ವನ ತೀರ್ಪು ಇದು. ವಾಡಿ ಊರಿನ ನಮ್ಮ ಮನೆಯಲ್ಲಿ ಅದಕ್ಕೆ ಅಪೀಲು ಇಲ್ಲ. ಬಲಗಣ್ಣಿನ ಪೊರೆ ತೆಗೆಸಿ ತಿಂಗಳುಗಳೇ ಆಗಿದ್ದವು. ಎಡಗಣ್ಣಿಗೂ ಬೇಗ ಮಾಡಿಸಿ, ತಡವಾದರೆ ಕಷ್ಟ ಎಂದು ಡಾಕ್ಟರ್ ಹೇಳುತ್ತಲೇ ಇದ್ದರು. ಇವಳು ಕೇಳಬೇಕಲ್ಲ?

ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆಯ ಬೋರ್ಡಿನ ಕೊನೇ ಸಾಲನ್ನೂ ಬಲಗಣ್ಣಿನಿಂದ ಪಟಪಟ ಓದಿದ್ದಾಳೆ. ಅದು ಲೆಕ್ಕಕ್ಕಿಲ್ಲವಂತೆ.

“ಕೋಣಿ ಒಳಗಿಂದು ಯಾರಿಗಿ ಕಾಣಲ್ಲವ್ವಾ? ಹೊರಗ ನಿಂತ್ರ ದೂರಿಂದು ಎಲ್ಲಾ ಮಸಕ್ ಮಸಕ್. ಮದ್ಲೂ ಹಂಗೇ ಇತ್ತು, ಈಗೂ ಹಂಗೇ ಅದ.”

ವಾದಿಸಿ ಸೋತೆ. ಕಳೆದ ಭಾನುವಾರ ನಾನೂ ನನ್ನ ಗಂಡನೂ ಚಿಂಚೋಳಿ ಕಡೆ ಟ್ರೆಕ್ಕಿಂಗ್ ಹೊರಟಾಗ (ಐವತ್ತು ದಾಟಿದ ಮೇಲೆ ಹತ್ತಿದ ಶೋಕಿ, ನಗಬೇಡಿ) ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡೆವು. ನಡೆದಾಡಲು ಡಾಕ್ಟರ್ ಒಪ್ಪಿಗೆ ಇತ್ತು. ಗುಡ್ಡ ಹತ್ತುತ್ತಾಳೆಂದು ಪಾಪ ಅವರಿಗೇನು ಗೊತ್ತು?

ಚಂದ್ರಂಪಳ್ಳಿ ಡ್ಯಾಮಿನ ಪಕ್ಕದ ಗುಡ್ಡ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಏರಿಸಿ ದೊಡ್ಡವ್ವ ಮುಂದೆ. ಏದುಸಿರು ಬಿಡುತ್ತ ನಾವು ಹಿಂದೆ. ಅಲ್ಲಿ ಹಿಂದಿನ ದಿನವಷ್ಟೇ ಮಳೆ ಸುರಿದು ನಿಂತು, ಗಾಳಿ ತೊಳೆದಿಟ್ಟಂತಿತ್ತು. ಕಾಲುದಾರಿ ನೆತ್ತಿಗೆ ಹತ್ತಿ, ಅಲ್ಲಿಂದ ನೆತ್ತಿಯ ಗುಂಟವೇ ಸಾಗುತ್ತದೆ. ನಿಂತು ತಲೆ ಎತ್ತಿದೆ.

ಅಬ್ಬಾ!

ಕೆಳಗೆ ಗುಡ್ಡಗಳ ಸಂದಿಸಂದಿಗೂ ನುಗ್ಗಿ ಕುಳಿತ ನೀರು. ಆಚೆ ಕಾಡು. ಕಾಡಿನಾಚೆ ಗುಡ್ಡ, ಅದರ ಹಿಂದೆ ಮತ್ತೊಂದು, ಕುಂಚಾವರಂ ದಿಕ್ಕಿಗೆ ಮುಗಿಯುವುದೇ ಇಲ್ಲ. ಕಾರವಾರದ ಗುಡ್ಡದ ಮೇಲಿಂದ ಸಮುದ್ರ ನೋಡಿ ಬಂದವಳು ನಾನು. ನಮ್ಮ ಜಿಲ್ಲೆಯಲ್ಲೇ ಇಷ್ಟೊಂದು ಆಕಾಶ ಇದೆಯೆಂದು ಗೊತ್ತಿರಲಿಲ್ಲ.

ದೊಡ್ಡವ್ವ ಕನ್ನಡಕ ತೆಗೆದಳು. ಅಂಗೈಯಿಂದ ಎಡಗಣ್ಣು ಮುಚ್ಚಿದಳು.

“ಆಚೀ ದಂಡಿಗಿ ಬೆಳ್ಳಾನ ಕೊಕ್ಕರಿ ಕುಂತಾವಲ್ಲ?”

ನನಗೆ ಏನೂ ಕಾಣಲಿಲ್ಲ. ಗಂಡ ಮೊಬೈಲ್ ಝೂಮ್ ಮಾಡಿ ನೋಡಿದರು. ಹೌದು, ಕೊಕ್ಕರೆಗಳೇ!

ಅವಳು ಅಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು.

“ಇಷ್ಟ್ ದೂರ ನಾ ಯಾವತ್ತೂ ನೋಡಿದ್ದಿಲ್ಲವ್ವಾ. ಕಣ್ಣು ಬರೋಬ್ಬರಿ ಅದ. ಎಡಗಣ್ಣಿಂದೂ ಮಾಡಿಸಿಬಿಡಮು, ನಡಿ.”

ನನ್ನ ಕಣ್ಣೂ ತುಂಬಿ ಬಂತು. ತಿಂಗಳುಗಟ್ಟಲೆ ಗೋಗರೆದು ಆಗದ್ದನ್ನು ನಾಲ್ಕು ಕೊಕ್ಕರೆಗಳು ಮಾಡಿದ್ದವು.

ಸಂಜೆ ವಾಡಿ ಹತ್ತಿರವಾದಂತೆ ಸಿಮೆಂಟ್ ಫ್ಯಾಕ್ಟರಿಯ ಸುಣ್ಣಕಲ್ಲಿನ ಧೂಳು ಎಂದಿನಂತೆ ಊರ ಮೇಲೆ ಕವಿದಿತ್ತು. ಹುಟ್ಟಿದಾಗಿನಿಂದ ಇದರೊಳಗೇ ಇದ್ದವರು ನಾವು. ದೂರ ಎಂದರೆ ಮಸುಕಾಗಿಯೇ ಇರುತ್ತದೆ ಎಂದುಕೊಂಡಿದ್ದೆವು. ದೊಡ್ಡವ್ವ ಕಾರಿನ ಗಾಜು ಇಳಿಸಿ, ಬಲಗಣ್ಣು ಕಿರಿದು ಮಾಡಿ, ಊರನ್ನೇ ದಿಟ್ಟಿಸಿದಳು.

“ಅಲ್ಲವ್ವಾ, ಪೊರಿ ಬಂದಿದ್ದು ಊರಿಗಿ. ಇದನ್ನ ಯಾವ ಡಾಕ್ಟರಿಗಿ ತೋರಿಸಾದು?”